ಸ್ಟ್ರಾಸ್‌ಬರ್ಗ್‌ನಲ್ಲಿ ಸಕ್ಕರೆ ತಿಂದದ್ದು

ಸುಟ್ಟ ಈರುಳ್ಳಿಯ ವಾಸನೆಗೆ ಎಲ್ಲರಿಗೂ ಹಸಿವಾಗುತ್ತದೆ, ನನಗೆ ಸಿಟ್ಟು ಬರುತ್ತದೆ. ಮೊನ್ನೆ ಜರ್ಮನಿಯಲ್ಲಿ ನಾವಿರುವ ಅಬ್‌ಸ್ಟಾಟ್‌ನ ದ್ರಾಕ್ಷಿ ಸುಗ್ಗಿಯ ಹಬ್ಬದಲ್ಲಿ ಕಟ್ಟಿಗೆ ಒಲೆ ಹೂಡಿ ಫ್ಲಾಮ್‌ಕೂಖನ್ ಸುಡುತ್ತಿದ್ದರು. ಹಪ್ಪಳದಷ್ಟು ತೆಳ್ಳಗೆ ಲಟ್ಟಿಸಿದ ಹಿಟ್ಟು, ಮೇಲೆ ಹುಳಿಗೆನೆ, ಹೆಚ್ಚಿದ ಈರುಳ್ಳಿ, ಅಂಚು ಕಪ್ಪಾಗುವ ತನಕ ಬೆಂಕಿ. ನಾನು ಸಾಲಿನಲ್ಲಿ ನಿಂತಿರುವಾಗಲೇ ಫೋನು ಕುಂಯ್ ಎಂದಿತು. ನಮ್ಮ ಕನ್ನಡದವರ ಗುಂಪಿನಲ್ಲಿ, ಊರಿನಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು ಕೇಳಿದ್ದಳು: "ವೀಕೆಂಡಿಗೆ ಸ್ಟ್ರಾಸ್‌ಬರ್ಗ್‌ಗೆ ಹೊಂಟೀವ್ರಿ. ಅಲ್ಲಿ ಛಲೋ ಊಟ ಎಲ್ಲಿ ಸಿಗ್ತೈತಿ, ಯಾರರ ಹೇಳ್ರಿ."

ಅರ್ಧ ತಾಸಿನೊಳಗೆ ಪಂಡಿತರೆಲ್ಲ ಎದ್ದು ಕೂತರು. ಒಮ್ಮೆ ಬಸ್ಸಿನಲ್ಲಿ ಹೋಗಿ ಚರ್ಚಿನ ಮುಂದೆ ಫೋಟೊ ತೆಗೆಸಿಕೊಂಡು ಬಂದವನು ಹತ್ತು ಹೋಟೆಲಿನ ಹೆಸರು ಹೇಳಿದ. ರೇಗನ್ಸ್‌ಬರ್ಗ್‌ನ ಇನ್ನೊಬ್ಬ, ತಾನು ಆ ಕಡೆ ತಲೆ ಹಾಕಿಲ್ಲ, ಆದರೆ ತನ್ನ ಮ್ಯಾನೇಜರ್ ಹೋಗಿ ಬಂದಿದ್ದಾನೆ ಎಂದು ಮುನ್ನುಡಿ ಬರೆದು ಅವನ ರುಚಿಯನ್ನೆಲ್ಲ ನಮ್ಮ ಮೇಲೆ ಸುರಿದ. ನಾನು ಏನೂ ಬರೆಯಲಿಲ್ಲ. ಬರೆದಿದ್ದರೆ ಇಷ್ಟೇ ಬರೆಯುತ್ತಿದ್ದೆ: ಯಾರ ಜೋಡಿ ಹೋಗ್ತಿ ಅನ್ನೋದು ಮೊದಲು ಹೇಳು ತಂಗಿ, ಎಲ್ಲಿ ಅನ್ನೋದು ಆಮೇಲೆ.

ಆ ಊರಿನಲ್ಲಿ ಚೆನ್ನಾಗಿ ಉಣ್ಣುವುದು ಹೇಗೆಂದು ನನಗೆ ಒಂದು ಇಡೀ ಶರತ್ಕಾಲ ಪಾಠವಾಗಿದೆ. ಪಾಠ ಹೇಳಿದವನ ಹೆಸರು ಪ್ರಶಾಂತ ಅಂಗಡಿ, ಊರು ಹುಬ್ಬಳ್ಳಿ. ಆದರೆ ಅವನು ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದದ್ದು ಪ್ರಶಾಂ ಎಂದು. ಕೊನೆಯ ಅಕ್ಷರವನ್ನು ಫ್ರೆಂಚರು ನುಂಗುತ್ತಾರಂತೆ. ಅವರು ನುಂಗಿದರೆ ನುಂಗಲಿ, ಇವನೇಕೆ ನುಂಗಬೇಕು ಎಂದು ನಾನು ಕೇಳಿದ್ದಕ್ಕೆ ನಮ್ಮ ಮನೆಯವರು ಮೂರು ದಿನ ಮುಖ ಊದಿಸಿಕೊಂಡಿದ್ದರು.

ನಮ್ಮ ಮನೆಯವರು ಬಸವರಾಜ, ಬಾಗಲಕೋಟೆಯವರು. ಅಬ್‌ಸ್ಟಾಟ್‌ನ ದೊಡ್ಡ ಕಾರು ತಂತ್ರಜ್ಞಾನ ಕೇಂದ್ರದಲ್ಲಿ ಬ್ರೇಕಿನ ಕೆಲಸ. ಅವರ ತಂಗಿ ದಾನೇಶ್ವರಿ, ನಮಗೆಲ್ಲ ದಾನು, ಆಗ ಯೇನಾ ಎಂಬ ಊರಿನಲ್ಲಿ ಮಸೂರಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಇಡೀ ದಿನ ಕತ್ತಲೆ ಕೋಣೆಯಲ್ಲಿ ಬೆಳಕು ಅಳೆಯುವ ಹುಡುಗಿ. ಮಾತು ಕಡಿಮೆ. ಆದರೆ ಒಂದು ಮಾತು ಆಡುವ ಮೊದಲು ಅದನ್ನು ನಾಲ್ಕು ಕಡೆಯಿಂದ ಅಳೆದಿರುತ್ತಾಳೆ. ಊರಿನಲ್ಲಿ ಅತ್ತೆ ಮಾವನಿಗೆ ಅವಳ ಮದುವೆಯದೇ ಧ್ಯಾನ. ವಧು-ವರ ಕೇಂದ್ರದವರು ತಂದ ಸಂಬಂಧ ಅಂಗಡಿಯವರದು. ಫೋಟೊದಲ್ಲಿ ಹುಡುಗ ಉದ್ದನೆಯ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. "ಹುಡುಗ ಫ್ರಾನ್ಸ್‌ನ್ಯಾಗ ಇರ್ತಾನ" ಎಂದು ಅತ್ತೆ ಬಾಗಲಕೋಟೆ ತುಂಬ ಹೇಳಿಕೊಂಡು ಬಂದರು.

ಹುಡುಗ ಇದ್ದದ್ದು ಕೇಲ್‌ನಲ್ಲಿ. ಕೇಲ್ ಜರ್ಮನಿಯ ಊರು. ನಡುವೆ ರೈನ್ ನದಿ, ಆಚೆ ದಂಡೆ ಸ್ಟ್ರಾಸ್‌ಬರ್ಗ್. ಟ್ರಾಮ್ ಹತ್ತಿದರೆ ಸೇತುವೆ ದಾಟಿ ಫ್ರಾನ್ಸಿನಲ್ಲಿ ಇಳಿಯಬಹುದು. ಅವನ ಮನೆ ಕೇಲ್‌ನಲ್ಲಿ, ಕೆಲಸ ಕೇಲ್‌ನ ಬಿಡಿಭಾಗಗಳ ಕಂಪನಿಯಲ್ಲಿ, ಹಲ್ಲು ನೋವು ಬಂದರೆ ಡಾಕ್ಟರು ಕೇಲ್‌ನವನು. ಬಾಯಿ ಮಾತ್ರ ಫ್ರಾನ್ಸಿನಲ್ಲಿ.

ನಮ್ಮ ಕಡೆ ಹುಡುಗಿ ನೋಡುವುದೆಂದರೆ ಹುಡುಗನ ಮನೆಯವರು ಬರುತ್ತಾರೆ, ಚಾಪೆ ಹಾಸುತ್ತೇವೆ, ಹುಡುಗಿ ಉಪ್ಪಿಟ್ಟು, ಚಹಾ ತರುತ್ತಾಳೆ. ಯಾರಿಗೂ ಸುಖವಿಲ್ಲ, ಆದರೆ ಒಂದು ತಾಸಿನಲ್ಲಿ ಮುಗಿಯುತ್ತದೆ. ಪ್ರಶಾಂತನಿಗೆ ಅದು ಬೇಡವಾಗಿತ್ತು. ಫೋನ್ ಮಾಡಿ ಹೇಳಿದ: "ಅಕ್ಕಾರ, ಮನ್ಯಾಗ ಕುಂತು ನೋಡೂದು ಭಾಳ ಆಕ್ವರ್ಡ್ ಆಗ್ತೈತ್ರಿ. ಶನಿವಾರ ಬರ್ರಿ, ನಾ ಸ್ತ್ರಾಸ್‌ಬೂರ್ ತೋರಿಸ್ತೀನಿ. ಅಲ್ಲಿ ಹೆಂಗ ಉಣ್ಣಬೇಕು ಅನ್ನೋದು ಒಂದು ಕಲಾ ಐತ್ರಿ." ಉಣ್ಣುವ ಕಲೆಯನ್ನು ಹುಬ್ಬಳ್ಳಿಯವನೊಬ್ಬ ನಮಗೆ ಕಲಿಸುತ್ತೇನೆ ಎನ್ನುವುದು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ನಮ್ಮವರು ಕಣ್ಣು ಬಿಟ್ಟರು.

ದಾನು ಶುಕ್ರವಾರ ಸಂಜೆ ಮೂರು ರೈಲು ಬದಲಾಯಿಸಿ ಬಂದಳು. ಶನಿವಾರ ಬೆಳಿಗ್ಗೆ ನಾನು, ನಮ್ಮವರು, ದಾನು, ನಮ್ಮ ಆರು ವರ್ಷದ ಮಗಳು ಚಿನ್ನು ಕಾರು ಹತ್ತಿದೆವು. ಸೆಪ್ಟೆಂಬರ್ ಮುಗಿಯುತ್ತಿತ್ತು, ಬಿಸಿಲು ಇನ್ನೂ ಬೆಚ್ಚಗಿತ್ತು, ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳಲ್ಲಿ ಕೊಯ್ಲು. ಕೇಲ್‌ನ ರೈಲು ನಿಲ್ದಾಣದ ಎದುರು ಪ್ರಶಾಂತ ಆ ಬಿಸಿಲಲ್ಲೂ ಕುತ್ತಿಗೆಗೆ ಶಾಲು ಸುತ್ತಿಕೊಂಡು ನಿಂತಿದ್ದ.

ಟ್ರಾಮಿನಲ್ಲಿಯೇ ಉಪದೇಶ ಶುರುವಾಯಿತು. ಚರ್ಚು ಕಾಣುವ ಜಾಗದಲ್ಲಿ ಊಟಕ್ಕೆ ಕೂರಬಾರದು. ತಿಂಡಿಯ ಫೋಟೊ ಅಂಟಿಸಿದ ಹೋಟೆಲಿಗೆ ಕಾಲಿಡಬಾರದು. ನಾಲ್ಕು ಭಾಷೆಯಲ್ಲಿ ಮೆನು ಇದ್ದರೆ ನಾಲ್ಕೂ ಭಾಷೆಯಲ್ಲಿ ಮೋಸ. ಮಧ್ಯಾಹ್ನ ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದನ್ನೇ ತಿನ್ನಬೇಕು. ಎರಡು ಗಂಟೆಗೆ ಅಡುಗೆಮನೆ ಮುಚ್ಚುತ್ತದೆ, ಆಮೇಲೆ ದೇವರು ಬಂದರೂ ಅನ್ನ ಹುಟ್ಟುವುದಿಲ್ಲ. ಬ್ರೆಡ್ಡನ್ನು ತಟ್ಟೆಯಲ್ಲಿಡದೆ ಮೇಜಿನ ಮೇಲೆ ಇಡಬೇಕು, ಕಚ್ಚಬಾರದು, ಮುರಿಯಬೇಕು. ಹೂಜಿ ನೀರು ಕೇಳಿದರೆ ಬಿಟ್ಟಿ ಕೊಡುತ್ತಾರೆ. ಇದರಲ್ಲಿ ಯಾವುದೂ ಸುಳ್ಳಲ್ಲ, ಅದೇ ನನ್ನ ಹೊಟ್ಟೆ ಉರಿ. ಖರೆ ಮಾತನ್ನೂ ಕೇಳುವವರಿಗೆ ಕಿರಿಕಿರಿಯಾಗುವ ಹಾಗೆ ಆಡುವುದು ಕೆಲವರಿಗೆ ಒಲಿದು ಬಂದಿರುತ್ತದೆ.

ಅವನು ಕರೆದೊಯ್ದ ಹೋಟೆಲಿನಲ್ಲಿ ಕಪ್ಪು ಮರದ ಗೋಡೆ, ಚೌಕಳಿ ಬಟ್ಟೆ ಹಾಸಿದ ಮೇಜು, ಮೊಣಕೈಗೆ ಮೊಣಕೈ ತಾಗುವಷ್ಟು ಇಕ್ಕಟ್ಟು. ಬಡಿಸಲು ಬಂದ ಹೆಂಗಸು ನಮ್ಮ ಮುಖ ನೋಡಿ ಜರ್ಮನ್‌ನಲ್ಲಿ ಮಾತಾಡಿದಳು. ಆ ಸೀಮೆಯ ಹಳಬರಿಗೆ ಜರ್ಮನ್ ನಮಗಿಂತ ಚೆನ್ನಾಗಿ ಬರುತ್ತದೆ. ಪ್ರಶಾಂತ ಮಾತ್ರ ಅವಳಿಗೆ ಫ್ರೆಂಚಿನಲ್ಲೇ ಉತ್ತರ ಕೊಟ್ಟ. ಅವಳು ಮತ್ತೆ ಜರ್ಮನ್‌ನಲ್ಲಿ ಕೇಳಿದಳು. ಇವನು ಮತ್ತೆ ಫ್ರೆಂಚಿನಲ್ಲಿ. ಹೀಗೆ ಇಬ್ಬರೂ ಹಠ ಬಿಡದೆ ನಮ್ಮ ಊಟ ಗೊತ್ತು ಮಾಡಿದರು.

ದಾನು ಮೆನುವಿನ ಮೇಲೆ ಬೆರಳಿಟ್ಟು, ಮಾಂಸ ಹಾಕದ ಫ್ಲಾಮ್‌ಕೂಖನ್ ಸಿಗುತ್ತದೆಯೇ ಎಂದಳು. ಪ್ರಶಾಂತ ಮೆಲ್ಲಗೆ ಅವಳ ಕೈಯಿಂದ ಮೆನು ತೆಗೆದುಕೊಂಡ.

"ಅದು ಸಂಜೀಕ ತಿನ್ನೂದ್ರಿ. ಮಧ್ಯಾಹ್ನ ತಿಂದ್ರ ಮಂದಿ ನಗ್ತಾರ. ನಿಮಗ ನಾ ಹೇಳ್ತೀನಿ ತಡೀರಿ."

ಅವನು ಹೇಳಿದ್ದು ಆಡಿನ ಚೀಜಿನ ಸಲಾಡ್. ಬಂದಾಗ ಸೊಪ್ಪಿನ ನಡುನಡುವೆ ಹಂದಿ ಮಾಂಸದ ಚೂರುಗಳು. ನಾವು ಲಿಂಗಾಯತರು, ಅವರೂ ಲಿಂಗಾಯತರು. ಹೇಳಿ ಬದಲಾಯಿಸಿರಿ ಎಂದೆ.

"ಬದಿಗೆ ಸರಿಸ್ರಿ ಅಕ್ಕಾರ. ಇಲ್ಲಿ ಅಡಿಗಿ ಬದಲು ಮಾಡ್ರಿ ಅನ್ನೂದು ಶೆಫ್‌ಗ ಅಪಮಾನ ಮಾಡಿದಂಗ."

ಶೆಫ್ ಎನ್ನುವವನು ಒಳಗೆಲ್ಲೋ ಇದ್ದ, ನಾವು ಅವನ ಮುಖವನ್ನೂ ನೋಡಿರಲಿಲ್ಲ. ಎದುರು ಕೂತ ಹುಡುಗಿಗಿಂತ ಅವನ ಮಾನ ದೊಡ್ಡದಾಗಿತ್ತು. ದಾನು ತಟ್ಟೆಯನ್ನು ತುಸು ದೂರ ಸರಿಸಿ ಬ್ರೆಡ್ ಮುರಿದು ತಿಂದಳು. ಪ್ರಶಾಂತ ಅವಳು ಬ್ರೆಡ್ ಮುರಿದ ರೀತಿಯನ್ನು ಮೆಚ್ಚಿ, "ಪರ್ಫೆಕ್ಟ್" ಎಂದ.

ವಾಪಸು ಬರುವಾಗ ಆಟೋಬಾನ್ ಹೆದ್ದಾರಿಯ ಬದಿಯ ನಿಲುಗಡೆಯಲ್ಲಿ ಕಾರು ನಿಲ್ಲಿಸಿ ನಾನು ಡಬ್ಬಿ ಬಿಚ್ಚಿದೆ. ಚಪಾತಿ, ಶೇಂಗಾ ಚಟ್ನಿ ಪುಡಿ, ಮೊಸರು. ದಾನು ಎರಡು ಚಪಾತಿ ತಿಂದಳು. ಲಾರಿಗಳು ಹಾದು ಹೋಗುವ ಸದ್ದಿನಲ್ಲಿ "ವೈನಿ, ಇನ್ನೊಂದು ಐತೇನು?" ಎಂದು ಕೇಳಿದಳು. ಹುಡುಗ ಹೇಗೆ ಎಂದು ನಮ್ಮವರು ಕೇಳಿದರೆ, "ಇನ್ನ ಗೊತ್ತಾಗಿಲ್ಲ ಅಣ್ಣಾ" ಎಂದಳು. ನನಗೆ ಗೊತ್ತಾಗಿ ಹೋಗಿತ್ತು. ಆದರೆ ಅಣ್ಣನ ಹೆಂಡತಿ, ವೈನಿ ಎನ್ನುವವಳ ಅಭಿಪ್ರಾಯವನ್ನು ಯಾವ ಮನೆಯಲ್ಲಿ ಯಾರು ಕೇಳುತ್ತಾರೆ.

ಎರಡನೆಯ ಸಲ ಹೋದಾಗ ಅಕ್ಟೋಬರಿನ ಮಳೆ. ಆಟೋಬಾನಿನಲ್ಲಿ ಉದ್ದಕ್ಕೂ ಶ್ಟಾವ್, ಕಾರುಗಳು ಅಲುಗದೆ ನಿಂತಿದ್ದವು. ತಲುಪಿದಾಗ ಒಂದು ಗಂಟೆ ಹೊಡೆದಿತ್ತು. ಪ್ರಶಾಂತ ಚಡಪಡಿಸುತ್ತಿದ್ದ, ನಮಗಾಗಿ ಅಲ್ಲ, ಅಡುಗೆಮನೆ ಮುಚ್ಚುತ್ತದೆಂದು. ಮಳೆಯಲ್ಲಿ ಗಲ್ಲಿ ಗಲ್ಲಿ ಸುತ್ತಿಸಿ ಬೋರ್ಡೇ ಇಲ್ಲದ ಒಂದು ಬಾಗಿಲಿಗೆ ಕರೆದೊಯ್ದ. ಬೋರ್ಡಿಲ್ಲದಿರುವುದೇ ಅದರ ಹೆಗ್ಗಳಿಕೆ ಅಂತೆ. ಕೂತು ಎಷ್ಟು ಹೊತ್ತಾದರೂ ಸಣ್ಣ ಸಣ್ಣ ಬಟ್ಟಲುಗಳು ಬರುತ್ತಿದ್ದವೇ ಹೊರತು ತಿನ್ನುವಂಥದ್ದು ಏನೂ ಬರಲಿಲ್ಲ. ಪ್ರಶಾಂತ ವೈನಿನ ಗ್ಲಾಸಿನಲ್ಲಿ ಮೂಗು ಇಳಿಸಿ, ಒದ್ದೆ ಕಲ್ಲಿನ ವಾಸನೆ ಬರುತ್ತಿದೆ ಎಂದ. ಹೊರಗೆ ಬೇಕಾದಷ್ಟು ಒದ್ದೆ ಕಲ್ಲುಗಳಿದ್ದವು, ಬಿಟ್ಟಿ ಮೂಸಬಹುದಿತ್ತು. ಚಿನ್ನು ನನ್ನ ತೋಳು ಜಗ್ಗಿ ಜರ್ಮನ್‌ನಲ್ಲಿ ಕೇಳಿದಳು, "ಮಾಮಾ, ವಾನ್ ಎಸ್ಸನ್ ವಿಯರ್?" ಅಮ್ಮಾ, ಯಾವಾಗ ಉಣ್ಣೋದು. ಆಗ ನಾವು ಉಣ್ಣುತ್ತಲೇ ಇದ್ದೆವು.

ದಾನುಗೆ ಅವನು ಈರುಳ್ಳಿ ಸೂಪ್ ತರಿಸಿದ್ದ. "ಪ್ಯೂರ್ ವೆಜ್ರಿ. ಉಳ್ಳಾಗಡ್ಡಿ, ಬ್ರೆಡ್, ಚೀಜ್, ಇಷ್ಟ. ನಿಮ್ಮ ಸಲುವಾಗಿ ಹುಡುಕಿ ಇಟ್ಟೀನಿ." ಆ ಒಂದು ಮಾತಿಗೆ ದಾನು ನಿಜವಾಗಿ ನಕ್ಕಳು. ಮಳೆಯಲ್ಲಿ ನೆನೆದು ಬಂದಿದ್ದಳು, ಅರ್ಧ ಬಟ್ಟಲು ಕುಡಿದಳು. ಒಂದು ಚಮಚ ನನಗೂ ಕೊಟ್ಟಳು. ಬಾಯಿಗೆ ಇಡುವ ಮೊದಲು ಬಡಿಸುವವಳನ್ನು ಜರ್ಮನ್‌ನಲ್ಲಿ ಕೇಳಿದೆ, ಇದರ ನೀರು ಯಾತರದು. ಅವಳು ಸಹಜವಾಗಿ ಹೇಳಿದಳು, ದನದ ಎಲುಬು ಕುದಿಸಿದ್ದು, ಇಲ್ಲದಿದ್ದರೆ ಅದು ಈರುಳ್ಳಿ ಸೂಪ್ ಹೇಗಾದೀತು.

ನಾನು ಚಮಚ ಕೆಳಗಿಟ್ಟೆ. ದಾನು ಎದ್ದು ಹೋದಳು. ತಿರುಗಿ ಬರುವಾಗ ಮುಖ ತೊಳೆದಿದ್ದಳು, ಕಣ್ಣು ಕೆಂಪಾಗಿದ್ದವು.

"ಗೊತ್ತಿತ್ತೇನ್ರಿ ನಿಮಗ?" ಎಂದು ನಾನು ಪ್ರಶಾಂತನನ್ನು ಕೇಳಿದೆ.

ಅವನು ಇಲ್ಲ ಎನ್ನಲಿಲ್ಲ. "ಅದು ಬರೇ ಬೇಸ್ ಅಕ್ಕಾರ. ಬೇಸ್‌ನ್ಯಾಗೆಲ್ಲ ಅಷ್ಟ ಲೆಕ್ಕ ಹಿಡೀಬಾರದು. ನಾಲಿಗಿ ಬೆಳೀಬೇಕಂದ್ರ ಸ್ವಲ್ಪ ಓಪನ್ ಇರಬೇಕ್ರಿ."

ಮೇಜಿನ ಕೆಳಗೆ ನಮ್ಮವರು ನನ್ನ ಕಾಲು ತುಳಿದರು. ಇಲ್ಲದಿದ್ದರೆ ಆ ಬಟ್ಟಲು ಅವನ ಶಾಲಿನ ಮೇಲೆ ಇರುತ್ತಿತ್ತು. ಅವನು ಏನು ಬೇಕಾದರೂ ತಿನ್ನಲಿ, ಅವನ ಹೊಟ್ಟೆ ಅವನದು. ಹುಬ್ಬಳ್ಳಿಯಲ್ಲಿ ಅವನ ತಾಯಿ ಮಗ ಮೊಟ್ಟೆ ಸಹ ಮುಟ್ಟುವುದಿಲ್ಲ ಎಂದು ನಂಬಿ ಕೂತಿದ್ದಾಳೆ, ಅದೂ ಅವರ ಮನೆಯ ವಿಚಾರ. ಆದರೆ ಗೊತ್ತಿದ್ದೂ ಇನ್ನೊಬ್ಬರಿಗೆ ತಿನ್ನಿಸಿ ಅದನ್ನು ಬೆಳವಣಿಗೆ ಎಂದು ಕರೆಯುವ ಮನುಷ್ಯನನ್ನು ನಾನು ಆವತ್ತಿನವರೆಗೆ ಕಂಡಿರಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅತ್ತೆ ಫೋನಿನಲ್ಲಿ, "ಗಂಡಸು, ಅವಂಗೇನು ತಿಳೀತೈತಿ ಸೂಪಿಂದು" ಎಂದರು. ನಮ್ಮವರು, "ಹುಡುಗ ಕೆಟ್ಟಾಂವ ಅಲ್ಲ" ಎಂದರು. ಕೆಟ್ಟವನಲ್ಲ ಎನ್ನುವುದು ನಮ್ಮಲ್ಲಿ ಗಂಡುಮಕ್ಕಳಿಗೆ ಕೊಡುವ ದೊಡ್ಡ ಬಿರುದು. ಹೆಣ್ಣಿಗಾದರೆ ಅಡುಗೆ, ಓದು, ಬಣ್ಣ, ಕೂದಲು, ನಡಿಗೆ ಎಲ್ಲದರಲ್ಲೂ ಪಾಸಾಗಬೇಕು. ದಾನು ಮಾತ್ರ ನನಗೆ ರಾತ್ರಿ ಪಾತ್ರೆ ಒರೆಸುತ್ತ ಹೇಳಿದಳು, "ಇನ್ನೊಮ್ಮೆ ನೋಡೂಣು ವೈನಿ. ಅಂವ ನನ್ನ ಇನ್ನ ಸರಿಯಾಗಿ ನೋಡೇ ಇಲ್ಲ, ನಾನೂ ಅವನ್ನ ನೋಡಿಲ್ಲ." ಎರಡು ಸಲ ಅಳೆದು ಬಿಟ್ಟುಬಿಡುವುದು ಅವಳ ವಿದ್ಯೆಯಲ್ಲಿ ಇರಲಿಲ್ಲ.

ಮೂರನೆಯ ಊಟ ದೀಪಾವಳಿಯ ಹಿಂದಿನ ವಾರ. ಆವತ್ತು ಪ್ರಶಾಂತ ಒಳ್ಳೆಯ ಲಹರಿಯಲ್ಲಿದ್ದ. ದಾನುಗೆ ಬೇಯಿಸಿದ ಆಲೂಗಡ್ಡೆ, ಬಿಳಿ ಚೀಜು ತರಿಸಿದ, ಅದರಲ್ಲಿ ಯಾವ ಪ್ರಾಣಿಯೂ ಇರಲಿಲ್ಲ. ನಾನೂ ಸಹ ಮನಸ್ಸಿನಲ್ಲಿ ಅವನಿಗೆ ಒಂದು ಅಂಕ ಕೊಟ್ಟೆ. ಊಟ ಮುಗಿದು ಕಾಫಿ ಬಂದ ಹೊತ್ತಿಗೆ ಅವನ ಫೋನು ಹೊಡೆದುಕೊಂಡಿತು. ತಾಯಿ, ವಿಡಿಯೊ ಕಾಲ್. ವೈನಿನ ಗ್ಲಾಸು ಬ್ರೆಡ್ ಬುಟ್ಟಿಯ ಹಿಂದೆ ಸರಿದ ವೇಗ ನೋಡಿದರೆ, ಅವನ ಕೈಗೆ ಅದು ಬಹಳ ಅಭ್ಯಾಸವಿತ್ತು. ಫೋನನ್ನು ನೀರಿನ ಹೂಜಿಗೆ ಒರಗಿಸಿ ನಿಲ್ಲಿಸಿದ.

ಅವನ ತಾಯಿ ಪಾರ್ವತೆಮ್ಮನವರನ್ನು ನಾನು ಮೊದಲು ನೋಡಿದ್ದು ಹೀಗೆ: ಅರ್ಧ ಹಣೆ, ಮೂರು ಬೆರಳು ವಿಭೂತಿ, ಮೇಲೆ ತಿರುಗುವ ಫ್ಯಾನು. ಗಂಡ ತೀರಿ ಕೆಲವು ವರ್ಷವಾಗಿತ್ತು. ಜೋರು ದನಿ, ಹಿಂದೆ ಮನೆ ತುಂಬ ಹೆಂಗಸರ ಗದ್ದಲ. ಹುಡುಗಿಯನ್ನು ತೋರಿಸು, ಹತ್ತಿರ ತೋರಿಸು ಎಂದು ಹೋಟೆಲಿನ ಎಲ್ಲರೂ ತಿರುಗಿ ನೋಡುವ ಹಾಗೆ ಕೂಗುತ್ತಿದ್ದರು. ಈಯಮ್ಮ ಅತ್ತೆಯಾಗಿ ಬಂದರೆ ದಾನುವಿನ ಕಿವಿಯ ಗತಿ ಏನು ಎಂದುಕೊಂಡೆ.

ಇಲ್ಲಿ ಒಂದು ವಿಷಯ ಹೇಳಬೇಕು. ಸಕ್ಕರೆ ತುಂಡನ್ನು ಕಾಫಿಯಲ್ಲಿ ಅದ್ದಿ, ಕರಗುವ ಮೊದಲೇ ಬಾಯಿಗೆ ಹಾಕಿಕೊಳ್ಳುವುದು ಫ್ರೆಂಚರ ಒಂದು ಚಟ. ಅದಕ್ಕೆ ಅವರು 'ಕನಾರ್' ಎನ್ನುತ್ತಾರೆ, ಎಂದರೆ ಬಾತುಕೋಳಿ. ಪ್ರಶಾಂತ ಆಗಷ್ಟೇ ಅದನ್ನು ನಮಗೆ ವಿವರಿಸುತ್ತಿದ್ದ. ತಾಯಿಯ ಕರೆ ಬಂದರೂ ವಿವರಣೆ ನಿಲ್ಲಲಿಲ್ಲ. ಒಂದು ತುಂಡು ಸಕ್ಕರೆಯನ್ನು ಚಮಚದಲ್ಲಿಟ್ಟು ಕಾಫಿಯಲ್ಲಿ ಅದ್ದಿ, "ಹಿಡೀರಿ, ಒಂದು ಬಾತುಕೋಳಿ ತಿನ್ರಿ" ಎಂದು ದಾನುವಿನ ಬಾಯಿಯ ಹತ್ತಿರ ಒಯ್ದ. ಅವಳು ಹಿಂದೆ ಸರಿದಳು. ಹಿಂದೆ ಗೋಡೆ. ಚಮಚದಿಂದ ಕಾಫಿ ತೊಟ್ಟಿಕ್ಕಲು ಶುರುವಾಯಿತು, ಕೆಳಗೆ ಅವಳ ಹೊಸ ತಿಳಿ ಬಣ್ಣದ ಸೀರೆ. ಬೇರೆ ದಾರಿ ಕಾಣದೆ ಬಾಯಿ ತೆರೆದಳು.

ಫೋನಿನಿಂದ ಪಾರ್ವತೆಮ್ಮನವರ ದನಿ.

"ಯವ್ವಾ, ಸಕ್ಕರಿ ಹಾಕಿದ. ಬಾಯಾಗ ಸಕ್ಕರಿ ಹಾಕಿದ ನೋಡ್ರೇ ನನ್ನ ಮಗ."

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ: ಮಾತು ಮುಗಿದು ಸಂಬಂಧ ಗಟ್ಟಿಯಾದರೆ ಹಿರಿಯರ ಎದುರು ಬಾಯಿಗೆ ಸಕ್ಕರೆ ಹಾಕುತ್ತಾರೆ. ಉಂಗುರ, ಸೀರೆ ಎಲ್ಲ ಆಮೇಲಿನವು. ಸಕ್ಕರೆ ತಿಂದ ಮೇಲೆ ಹಿಂದೆ ಸರಿದ ಹುಡುಗಿಯನ್ನು ಮದುವೆ ಮುರಿದುಕೊಂಡು ಬಂದವಳ ಲೆಕ್ಕದಲ್ಲಿಯೇ ನೋಡುತ್ತಾರೆ. ಹುಬ್ಬಳ್ಳಿಯ ಆ ಕೋಣೆಯಲ್ಲಿ ಹೆಂಗಸರೆಲ್ಲ ಒಮ್ಮೆಲೇ ಮಾತಾಡತೊಡಗಿದರು, ಯಾರೋ ಅಳುತ್ತಿದ್ದರು, ಯಾರೋ ನಮ್ಮ ಅತ್ತೆಗೆ ಆಗಲೇ ಫೋನು ಹಚ್ಚಿದ್ದರು. ದಾನುವಿನ ಬಾಯಿ ತುಂಬ ಸಕ್ಕರೆ. ಅದು ಕರಗಿ ಇಳಿಯುವಷ್ಟರಲ್ಲಿ ಕರೆ ಕಟ್ಟಾಗಿತ್ತು.

"ತಿರುಗಿ ಹಚ್ಚಿ ಹೇಳ್ರಿ ಅವರಿಗೆ, ಅದು ಹಂಗಲ್ಲ ಅಂತ" ಎಂದಳು ದಾನು.

ಪ್ರಶಾಂತ ಬುಟ್ಟಿಯ ಹಿಂದಿನಿಂದ ಗ್ಲಾಸು ತೆಗೆದುಕೊಂಡು ನಕ್ಕ. "ಹೋಗ್ಲಿ ಬಿಡ್ರಿ. ಅವ್ವ ಖುಷಿ ಆಗ್ಯಾಳ. ಒಂದಿಲ್ಲ ಒಂದಿನ ಆಗೂದ ಇತ್ತಲ್ಲ."

ಸಂಜೆಯ ಹೊತ್ತಿಗೆ ದಾನುವನ್ನು 'ಅಂಗಡಿ ಪರಿವಾರ' ಎಂಬ ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ಅಲ್ಲಿ ಅವಳ ಗುರುತೇ ಇಲ್ಲದ ಕಾಕಾ, ಮಾಮಾ, ಅತ್ತಿಯರೆಲ್ಲ ಕೈಮುಗಿದ ಚಿತ್ರ ಕಳಿಸುತ್ತಿದ್ದರು. ಬಾಗಲಕೋಟೆಯಲ್ಲಿ ಅತ್ತೆ ಓಣಿಗೆ ಪೇಢೆ ಹಂಚಿದರು. ಮಾವ ಕಲ್ಯಾಣ ಮಂಟಪ ವಿಚಾರಿಸಿದರು. ನಮ್ಮ ಮನೆಯವರು ಸೋಫಾದ ಮೇಲೆ ಕೂತು, "ಆದದ್ದು ಆತು. ಈಗ ಒಲ್ಲೆ ಅಂದ್ರ ಆಕೀ ಹೆಸರು ಕೆಡ್ತೈತಿ" ಎಂದರು.

"ಆಕೀ ಹೆಸರು ಉಳಿಸಾಕ ಆಕೀನ್ನ ಅವನ ಜೋಡಿ ಕಳಸ್ತೀರಿ?"

"ನೀ ಸುಮ್ಮನಿರು ಗಿರಿಜಾ. ಇದು ಮನಿ ಮಾತು."

ಹನ್ನೆರಡು ವರ್ಷ ಆ ಮನೆಯ ಅನ್ನ ಬೇಯಿಸಿದವಳಿಗೆ ಮನೆ ಮಾತಿನಲ್ಲಿ ಬಾಯಿಲ್ಲ. ಬ್ರೇಕಿನ ಎಂಜಿನಿಯರ್ ಅಂತೆ, ತಂಗಿಯ ಬಾಳು ಇಳಿಜಾರಿಗೆ ಬಿದ್ದಾಗ ಒಂದು ಬ್ರೇಕು ಹಾಕಲಾರದ ಗಂಡಸು. ಇದನ್ನು ಅವರ ಮುಖಕ್ಕೇ ಅಂದೆ, ಈಗ ಬರೆಯುವಾಗ ಸೇರಿಸಿದ್ದಲ್ಲ.

ದಾನು ಯೇನಾಕ್ಕೆ ಹೋದವಳು ನಾಲ್ಕೈದು ದಿನ ಯಾರ ಫೋನೂ ಎತ್ತಲಿಲ್ಲ. ನನಗೆ ನಿದ್ದೆ ಹತ್ತಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನನಗೇ ಕರೆ ಮಾಡಿದಳು. ದನಿ ಸ್ಪಷ್ಟವಾಗಿತ್ತು.

"ವೈನಿ, ಈ ಶನಿವಾರ ಎಲ್ಲಾರೂ ಸ್ಟ್ರಾಸ್‌ಬರ್ಗ್‌ಗೆ ಹೋಗೂಣು. ಅವರಿಗೂ ಹೇಳೀನಿ. ಊಟದ ಜಾಗ ನಾ ನೋಡ್ತೀನಿ."

ನವೆಂಬರಿನ ಚಳಿ ಶುರುವಾಗಿತ್ತು. ನದಿಯ ಮೇಲೆ ಮಂಜು, ಮರಗಳು ಬೋಳು. ದಾನು ನಮ್ಮನ್ನು ನೇರವಾಗಿ ದಂಡೆಯ ಶನಿವಾರದ ಸಂತೆಗೆ ಕರೆದುಕೊಂಡು ಹೋದಳು. ಗಡ್ಡೆ, ಸೊಪ್ಪು, ಚೀಜು, ಜೇನುತುಪ್ಪ, ರೈತರೇ ತಂದು ಮಾರುತ್ತಿದ್ದರು. ಜರ್ಮನ್‌ನಲ್ಲಿ ಕೇಳಿ, ಕೊಟ್ಟದ್ದನ್ನು ರುಚಿ ನೋಡಿ, ಬೇಡವಾದದ್ದನ್ನು ಬೇಡ ಎಂದು, ದೊಡ್ಡದೊಂದು ಬ್ರೆಡ್, ಗಟ್ಟಿ ಚೀಜು, ಅಕ್ರೋಟು, ಪಿಯರ್ ಹಣ್ಣು ಕೊಂಡಳು. ಯಾರೂ ನಗಲಿಲ್ಲ, ಯಾರಿಗೂ ಅಪಮಾನವಾಗಲಿಲ್ಲ. ಎಲ್ಲವನ್ನೂ ತಂದು ನದಿ ದಂಡೆಯ ಬೆಂಚಿನ ಮೇಲೆ ಹರಡಿದಳು. ಆ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಊಟ ನಾನು ಮಾಡಿಲ್ಲ, ಯಾರಾದರೂ ಕೇಳಿದರೆ ಹೇಳಿರಿ.

ಪ್ರಶಾಂತ ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತೇ ಇದ್ದ. "ಇಲ್ಲೇ? ಬೆಂಚಿನ ಮ್ಯಾಲೆ? ಅಲ್ಲೆ ಹತ್ರನ ಒಂದು ಛಲೋ ಟೇಬಲ್ ಬುಕ್ ಮಾಡೀನ್ರಿ ನಾ."

"ಕುಂದ್ರಿ" ಎಂದಳು ದಾನು. "ಒಂದು ಕೇಳ್ತೀನಿ. ಮೂರು ಸಲ ನಿಮ್ಮ ಜೋಡಿ ಉಂಡೀನಿ. ಮೂರೂ ಸಲ ನನಗೇನು ಬೇಕು ಅಂತ ನೀವ ಹೇಳೀರಿ. ನನಗೇನು ಸೇರ್ತೈತಿ ಅಂತ ಹೇಳ್ರಿ ನೋಡೂಣು."

ಅವನು ನಮ್ಮವರ ಕಡೆ ನೋಡಿದ, ನನ್ನ ಕಡೆ ನೋಡಿದ. ಇದೊಂದು ಆಟ ಎಂದು ತಿಳಿದು ಸ್ವಲ್ಪ ಯೋಚಿಸಿದ. ಸುಳ್ಳು ಹೇಳಿದ್ದರೂ ಆಗುತ್ತಿತ್ತು, ಬ್ರೆಡ್ ಎಂದಿದ್ದರೂ ಸಾಕಿತ್ತು. ಅವನು ಹೇಳಿದ್ದು ಹೀಗೆ: "ಆ್ಯಕ್ಚುಲಿ ನಿಮಗಿನ್ನ ಟೇಸ್ಟ್ ಅನ್ನೋದು ಡೆವಲಪ್ ಆಗಿಲ್ರಿ. ಆಗ್ತೈತಿ. ಅದನ್ನ ನಾ ನೋಡ್ಕೋತೀನಿ."

ದಾನು ತಲೆಯಾಡಿಸಿದಳು. ಸಿಟ್ಟು ಕಾಣಲಿಲ್ಲ. ಫೋನು ತೆಗೆದು, ಪರಿವಾರದ ಗುಂಪಿನಲ್ಲಿ ಪಾರ್ವತೆಮ್ಮನವರ ನಂಬರು ಹುಡುಕಿ ಕರೆ ಮಾಡಿದಳು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿ ಬ್ರೆಡ್ಡಿನ ಪಕ್ಕ ಇಟ್ಟಳು. ನಮ್ಮವರು "ದಾನು, ಬ್ಯಾಡ" ಎಂದರು. ಈ ಸಲ ನಾನು ಅವರ ಕಾಲು ತುಳಿದೆ.

"ಏನ ತಂಗಿ, ಉಂಡೀರೇನು?" ಅದೇ ಜೋರು ದನಿ.

"ಅಮ್ಮಾರ, ಒಂದು ಮಾತು ಹೇಳಬೇಕಿತ್ರಿ. ಅವತ್ತು ನೀವು ನೋಡಿದ್ದು ನಮ್ಮ ಸಕ್ಕರಿ ಅಲ್ರಿ. ಇಲ್ಲಿ ಮಂದಿ ಕಾಫಿ ಕುಡ್ಯಾಗ ಹಂಗ ಅದ್ದಿ ತಿಂತಾರ, ಅದನ್ನ ತೋರಿಸಾಕ ಹತ್ತಿದ್ರು. ನಾ ಒಪ್ಪಿರಲಿಲ್ರಿ. ನಾ ಈ ಮದುವಿ ಒಲ್ಲೆ."

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಯಾರೋ ಒಲೆ ಆರಿಸಿದರು. ಪ್ರಶಾಂತ ಫೋನಿಗೆ ಕೈ ಹಾಕಲು ಬಂದ, ನಾನು ಅಡ್ಡ ನಿಂತೆ.

"ಯಾಕ ತಂಗಿ? ಅಂವ ಏನರ ಅಂದನೇನು?"

"ಏನೂ ಅಂದಿಲ್ರಿ. ದೊಡ್ಡ ದೊಡ್ಡ ಹೋಟೆಲಿಗೆ ಕರಕೊಂಡು ಹೋಗ್ಯಾರ. ಆದ್ರ ಅವರ ಜೋಡಿ ಉಂಡು ಎದ್ದಾಗೊಮ್ಮೆ ನನಗ ಹಸಿವಿ ಆಗ್ತೈತ್ರಿ." ಇಲ್ಲಿ ಅವಳಿಗೆ ಅಳು ಬಂತು. "ಅಷ್ಟ ಅಮ್ಮಾರ. ತಪ್ಪು ತಿಳೀಬ್ಯಾಡ್ರಿ."

ಈಗ ಬೈಗುಳ ಬರುತ್ತದೆಂದು ನಾನು ಕಾದೆ. ಹುಡುಗಿಯ ಕುಲ, ಓದು, ಸೊಕ್ಕು, ಅವಳನ್ನು ಬೆಳೆಸಿದವರು, ಅವಳ ವೈನಿ, ಎಲ್ಲರಿಗೂ ಒಂದೊಂದು ಪಾಲು. ನಾನೂ ನಾಲಿಗೆ ಸಜ್ಜು ಮಾಡಿಕೊಂಡಿದ್ದೆ. ಕರೆ ಕಟ್ಟಾಯಿತೇನೋ ಎಂದು ದಾನು ಬಗ್ಗಿ ನೋಡಿದಳು.

"ಅವರಪ್ಪನ ಜೋಡಿ ನಾ ಹಂಗ ಉಂಡೀನವ್ವಾ, ಅವರು ಇರೂತನಕ" ಎಂದರು ಪಾರ್ವತೆಮ್ಮ. ದನಿ ಈಗ ಜೋರಿರಲಿಲ್ಲ, ಗುರುತೇ ಸಿಗದಷ್ಟು ಇಳಿದಿತ್ತು. "ಪಲ್ಯ ಯಾವುದು, ಎಷ್ಟು ಖಾರ, ಎಲ್ಲಾ ಅವರ ಹೇಳಾವರು. ನಿನಗೇನು ಬೇಕು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಒಲ್ಲೆ ಅನ್ನಲಿಲ್ಲ, ನನಗ ಅನ್ನಾಕ ಬರ್ತಿರಲಿಲ್ಲ." ಆಮೇಲೆ ಮಗನನ್ನು ಕರೆದರು. "ಪ್ರಶಾಂತಾ, ಅಲ್ಲೇ ಅದಿಯೇನೋ?"

"ಹೂಂ ಅವ್ವಾ" ಎಂದ ಪ್ರಶಾಂತ. ಶಾಲು ಗಲ್ಲದ ತನಕ ಏರಿತ್ತು.

"ಆಕೀಗೆ ಏನೂ ಅನಬ್ಯಾಡ. ನೀ ನಿನ್ನ ಮನಿಗೆ ಹೋಗು. ಇಲ್ಲಿ ಮಂದಿಗೆ ನಾ ಹೇಳ್ತೀನಿ, ಕಣ್ಣು ಸರಿ ಕಾಣಲಿಲ್ಲ, ನಂದ ತಪ್ಪಾತು ಅಂತ." ಆಮೇಲೆ ದಾನುಗೆ ಹೇಳಿದರು, "ತಂಗಿ, ಅಳಬ್ಯಾಡ. ನಿನ್ನ ಮುಂದ ಏನೈತಿ ಊಟಕ್ಕ? ಹೊಟ್ಟಿತುಂಬ ಉಣ್ಣು."